ಕಂದಕದ ಆಚೆಯ ನೀರು

"ನಾನೀಗ ಯಾರ ಸಾವಿಗೆ ಹೋಗುದು?"

ಕಾರಿನಲ್ಲಿ ಬೇರೆ ಯಾರೂ ಇರಲಿಲ್ಲ. ಕುಂಬ್ರ ಜಂಕ್ಷನ್ನಿನ ಬೇಕರಿಯ ಎದುರು, ಎಡಕ್ಕೆ ತಿರುಗುವುದೋ ನೇರ ಹೋಗುವುದೋ ತಿಳಿಯದೆ ಗಾಡಿ ನಿಲ್ಲಿಸಿಕೊಂಡು ಕೂತಿದ್ದ ಸರ್ವೋತ್ತಮ ವಕೀಲನ ಬಾಯಿಂದ ಆ ಮಾತು ತಾನಾಗಿ ಬಂದುಬಿಟ್ಟಿತ್ತು. ಕೇಳಿದ ಮೇಲೆ ತನ್ನ ದನಿಯನ್ನು ತಾನೇ ಸ್ವಲ್ಪ ಹೊತ್ತು ಆಲಿಸಿದ. ಆಚೆ ಬದಿಯ ರಿಕ್ಷಾದವನೊಬ್ಬ ಗುರುತು ಹಿಡಿದು ಕೈ ಎತ್ತಿದ. ಸರ್ವೋತ್ತಮನ ಕೈಯೂ ಎದ್ದಿತು, ಮುಖವೂ ನಕ್ಕಿತು. ಅವೆರಡಕ್ಕೂ ಈಗ ಅವನ ಅಪ್ಪಣೆ ಬೇಕಾಗುತ್ತಿರಲಿಲ್ಲ.

ಬೆಳಿಗ್ಗೆ ಬೆಟ್ಟಂಪಾಡಿಗೆ ಹೋಗಿ ಬಂದದ್ದು ನೆನಪಿತ್ತು. ನಿವೃತ್ತ ಮಾಸ್ತರರೊಬ್ಬರ ಉತ್ತರಕ್ರಿಯೆ. ಅಂಗಳದಲ್ಲಿ ಶಾಮಿಯಾನ, ಕುರ್ಚಿಯ ಮೇಲೆ ತೀರಿಹೋದವರ ದೊಡ್ಡ ಫೋಟೋ, ಫೋಟೋಗೆ ಸೇವಂತಿಗೆ ಹಾರ, ಪಕ್ಕದಲ್ಲಿ ಮೈಕು. ಊಟಕ್ಕೆ ಮೊದಲು ನುಡಿನಮನ ಅಂತ ಒಂದು ಕಾರ್ಯಕ್ರಮ ಈಚೆಗೆ ಎಲ್ಲ ಮನೆಗಳಲ್ಲೂ ಉಂಟು. ಊರಿನ ಗಣ್ಯರು ಎದ್ದುನಿಂತು ತೀರಿಹೋದವರ ಬಗ್ಗೆ ನಾಲ್ಕು ಮಾತಾಡಬೇಕು. ಪುತ್ತೂರು, ಸುಳ್ಯ, ಕಡಬ ಈ ಮೂರು ತಾಲೂಕುಗಳಲ್ಲಿ ಆ ನಾಲ್ಕು ಮಾತಿಗೆ ಸರ್ವೋತ್ತಮನಷ್ಟು ಬೇಡಿಕೆ ಬೇರೆ ಯಾರಿಗೂ ಇರಲಿಲ್ಲ. ಇವತ್ತೂ ಚೆನ್ನಾಗಿಯೇ ಮಾತಾಡಿದ್ದ. ಮುಂದಿನ ಸಾಲಿನ ಹೆಂಗಸರು ಸೆರಗಿನ ತುದಿಯನ್ನು ಕಣ್ಣಿಗೆ ಒತ್ತಿಕೊಂಡಿದ್ದರು. ಅವರು ಒತ್ತಿಕೊಳ್ಳುತ್ತಿದ್ದ ಹೊತ್ತಿಗೆ ಅವನು, ಗೇರುಮರದ ಕೆಳಗೆ ನಿಲ್ಲಿಸಿದ ಕಾರಿಗೆ ನೆರಳು ಇನ್ನೂ ಉಂಟೋ ಇಲ್ಲವೋ ಎಂದು ಯೋಚಿಸುತ್ತಿದ್ದ.

ಮದುವೆಗಳಿಗೆ ಹೆಂಡತಿ ದೀಪ್ತಿಯನ್ನು ಕಳುಹಿಸುತ್ತಿದ್ದ. ಸಾವುಗಳಿಗೆ ತಾನೇ ಹೋಗುತ್ತಿದ್ದ. ರಾಜಕೀಯಕ್ಕೆ ಇಳಿದ ಮೊದಲ ವರ್ಷದಿಂದಲೂ ಅದೇ ಕ್ರಮ. ಸತ್ತವರ ಮಗನ ಹೆಗಲ ಮೇಲೆ ಅಂಗೈಯನ್ನು ಎಷ್ಟು ಭಾರವಾಗಿ ಇಡಬೇಕು, ಎಷ್ಟು ಹೊತ್ತಿಗೆ ತೆಗೆಯಬೇಕು ಎಂಬುದು ಆ ಅಂಗೈಗೇ ಗೊತ್ತಿತ್ತು. ಆದರೆ ಅಂಗೈಗೆ ಹೆಗಲು ಗೊತ್ತಾಗುವುದು ಯಾವಾಗ ನಿಂತಿತೋ ಅವನಿಗೆ ತಿಳಿಯದು. ಹಲ್ಲಿನ ಡಾಕ್ಟರು ಸೂಜಿ ಕೊಟ್ಟ ಮೇಲೆ ತುಟಿ ಇದ್ದೂ ಇಲ್ಲದ ಹಾಗೆ ಆಗುತ್ತದಲ್ಲ, ಹಾಗೆ. ಸೂಜಿಯ ಮದ್ದು ಸಂಜೆಗೆ ಇಳಿಯುತ್ತದೆ. ಇದು ಇಳಿಯಲೇ ಇಲ್ಲ.

ಎರಡನೆಯದು ಐವರ್ನಾಡಿನಲ್ಲಿ ಎಂದು ನೆನಪಾಗಿ, ಎಡಕ್ಕೆ ಇಂಡಿಕೇಟರ್ ಹಾಕುವಷ್ಟರಲ್ಲಿ ಫೋನು ಬಂತು. ಗುತ್ತಿಗಾರಿನ ಪೋಕರ್. ಅಡಿಕೆ, ಕಾಳುಮೆಣಸಿನ ವ್ಯಾಪಾರದವನು. ಹೈಸ್ಕೂಲಿನಲ್ಲಿ ಸರ್ವೋತ್ತಮನ ಬೆಂಚಿನಲ್ಲೇ ಕೂತವನು. ಸರ್ವೋತ್ತಮ ವಕೀಲನಾದ ದಿನದಿಂದ ಹೆಸರು ಬಿಟ್ಟು 'ವಕೀಲ್ರೆ' ಎಂದು ಕರೆಯುತ್ತಿದ್ದ. ಅದರಲ್ಲಿ ಮರ್ಯಾದೆ ಎಷ್ಟು, ಕೀಟಲೆ ಎಷ್ಟು ಎಂದು ಸರ್ವೋತ್ತಮ ಯಾವತ್ತೂ ಬಿಡಿಸಿ ನೋಡಿರಲಿಲ್ಲ.

"ವಕೀಲ್ರೆ, ಎಲ್ಲಿದ್ದೀರಿ?"

"ಕುಂಬ್ರ."

"ಡೊಂಬಯ್ಯಣ್ಣನಿಗೆ ಆನೆ ಹೊಡೆಯಿತು."

"ಯಾವಾಗ?"

"ಬೆಳಿಗ್ಗೆ. ಪೈಪಿನ ಬಾಯಿಗೆ ಎಲೆ ತುಂಬಿತ್ತಂತೆ, ತೆಗೆಯಲಿಕ್ಕೆ ಹೋದದ್ದು. ಕಂದಕದ ಆಚೆ."

"ಈಗ ಹೇಗುಂಟು? ಆಸ್ಪತ್ರೆಗೆ..."

"ಹೇಗಾದ್ರೂ ಇದ್ದಿದ್ರೆ ನಿಮಗೆ ಫೋನ್ ಮಾಡ್ತಿದ್ದೆನಾ ಮಾರಾಯ್ರೆ? ಡಾಕ್ಟ್ರಿಗೆ ಮಾಡ್ತಿದ್ದೆ," ಎಂದ ಪೋಕರ್. "ಸುಳ್ಯದಲ್ಲಿ ಪೋಸ್ಟ್‌ಮಾರ್ಟಂ ಮುಗಿಯಿತು. ಮಧ್ಯಾಹ್ನದ ಮೇಲೆ ಮನೆಗೆ ತರ್ತಾರೆ. ಬರ್ತೀರಲ್ಲ?" ಎಂದ.

"ಬರುದೇ."

ಫೋನು ಕೆಳಗಿಟ್ಟು ಸರ್ವೋತ್ತಮ ಕಾದ. ಎದೆಯ ಒಳಗೆ ಎಲ್ಲಿಂದಾದರೂ ಏನಾದರೂ ಏಳಬಹುದು ಎಂದು ಕಾದ. ಬೇರೆ ಯಾರದ್ದಾದರೂ ಆಗಿದ್ದರೆ ಕಾಯುತ್ತಲೂ ಇರಲಿಲ್ಲ. ಇದು ಡೊಂಬಯ್ಯ ಗೌಡರು. ಬೇಕರಿಯೊಳಗೆ ಯಾರೋ ಮಿಕ್ಸಿ ತಿರುಗಿಸಿದರು, ನಿಲ್ಲಿಸಿದರು. ಏನೂ ಏಳಲಿಲ್ಲ.

ಎದ್ದದ್ದು ಇನ್ನೊಂದು ಫೋನು. ಪಕ್ಷದ ಜಿಲ್ಲಾಧ್ಯಕ್ಷರು ಮಂಗಳೂರಿನಿಂದ. ವಯಸ್ಸಿನಲ್ಲಿ ಇವನಿಗಿಂತ ಎಷ್ಟೋ ಸಣ್ಣವರು.

"ಸುದ್ದಿ ಬಂತಲ್ಲ ಸರ್ವೋತ್ತಮಣ್ಣ? ನಿಮ್ಮದೇ ಊರು, ನಿಮ್ಮದೇ ಜನ. ಉಸ್ತುವಾರಿ ಸಚಿವರು ಇವತ್ತು ಸುಬ್ರಹ್ಮಣ್ಯದಲ್ಲಿದ್ದಾರೆ. ಸಂಜೆ ಗುತ್ತಿಗಾರಿನ ಮೇಲೆಯೇ ಹೋಗುದು. ಬಾಡಿ ಜಂಕ್ಷನ್ನಿನಲ್ಲಿ ಇರಬೇಕು."

"ಮನೆಯವರು..."

"ಮನೆಯವರನ್ನು ಒಪ್ಪಿಸ್ಲಿಕ್ಕೆ ನಿಮಗಿಂತ ಬೇರೆ ಜನ ಯಾರಿದ್ದಾರೆ? ಹಿಂದೆ ಒಪ್ಪಿಸಿದ್ದೀರಲ್ಲ. ನೋಡಿ, ನೇರ ಹೇಳ್ತೇನೆ. ಪುತ್ತೂರಿನ ಟಿಕೆಟಿಗೆ ಮೂರು ಹೆಸರು ಉಂಟು, ಪಟ್ಟಿ ಈ ವಾರ ಮೇಲೆ ಹೋಗ್ತದೆ. ಸಂಜೆ ಟಿವಿಯಲ್ಲಿ ನೀವು ಕಂಡ್ರೆ ಒಂದೇ ಹೆಸರು ಹೋಗ್ತದೆ. ಕಾಣದಿದ್ರೆ, ಮತ್ತೆ ನನ್ನನ್ನು ಕೇಳುದು ಬೇಡ."

"ನೋಡುವ," ಎಂದ ಸರ್ವೋತ್ತಮ.

ಅದು ಅವನ ಮಾತು. ವಕೀಲಿಕೆಯಲ್ಲೂ ಅದೇ, ರಾಜಕೀಯದಲ್ಲೂ ಅದೇ. ಹುಟ್ಟಿನಿಂದ ಈವರೆಗೆ ಅವನು ಒಬ್ಬನಿಗೂ 'ಆಗುದಿಲ್ಲ' ಎಂದವನಲ್ಲ. ಬಂದವರನ್ನು ಕೂರಿಸಿ, ಚಾ ತರಿಸಿ, ಹೇಳುವುದನ್ನೆಲ್ಲ ಕೇಳಿ, ಕೊನೆಗೆ 'ನೋಡುವ' ಎನ್ನುತ್ತಿದ್ದ. ಬಂದವರು ಅರ್ಧ ಕೆಲಸ ಆಯಿತು ಎಂಬ ಹಗುರದಲ್ಲಿ ಮೆಟ್ಟಿಲು ಇಳಿಯುತ್ತಿದ್ದರು.

ಪುತ್ತೂರಿನ ಕೋರ್ಟು ರಸ್ತೆಯಲ್ಲಿ ಅಡಿಕೆ ಅಂಗಡಿಯ ಮಾಳಿಗೆಯಲ್ಲಿ ಆಫೀಸು ಹಾಕಿದ ಕಾಲದಲ್ಲೇ ಅವನಿಗೆ ರಾಜಿ ವಕೀಲ ಎಂಬ ಹೆಸರು ಬಂದಿತ್ತು. ಅಣ್ಣತಮ್ಮಂದಿರು ದಾರಿಗಾಗಿ ಜಗಳಾಡಿ ಬಂದರೆ ಕೇಸು ಹಾಕುವ ಮೊದಲು ಜಾಗಕ್ಕೇ ಹೋಗಿ ಒಂದು ಗೆರೆ ಎಳೆಯುತ್ತಿದ್ದ. ಇಬ್ಬರಿಗೂ ಅರ್ಧ ಸಂತೋಷ, ಅರ್ಧ ಕೊರಗು. ಜಡ್ಜರಿಗೆ ಫೈಲು ಒಂದು ಕಡಿಮೆ. ಹೀಗೆ ಎಳೆದ ಗೆರೆಗಳೇ ಅವನನ್ನು ಮೇಲೆ ತಂದದ್ದು: ಮೊದಲು ತಾಲೂಕು ಪಂಚಾಯತು, ಮತ್ತೆ ಜಿಲ್ಲಾ ಪಂಚಾಯತು. ಸುಳ್ಯ ಮೀಸಲು ಕ್ಷೇತ್ರವಾದ್ದರಿಂದ ಗುತ್ತಿಗಾರಿನ ಗೌಡರ ಹುಡುಗನಿಗೆ ವಿಧಾನಸೌಧದ ದಾರಿ ಇದ್ದರೆ ಅದು ಪುತ್ತೂರಿನ ಮೇಲೆಯೇ. ಅಲ್ಲಿ ಒಂದು ಸಲ ನಿಂತು ಸೋತಿದ್ದ. ಈಗ ಐವತ್ತೇಳು. ಇನ್ನೊಂದು ಸಲ ಕೇಳಬಹುದು, ಮತ್ತೊಂದು ಸಲ ಕೇಳುವ ಹಾಗಿಲ್ಲ.

ಬೆಳ್ಳಾರೆಯ ರಸ್ತೆಯಲ್ಲಿ ಗಾಡಿ ತಾನಾಗಿ ಹೋಗುತ್ತಿತ್ತು. ಸರ್ವೋತ್ತಮನಿಗೆ ಹಿಂದಿನದು ನೆನಪಾಗುತ್ತಿತ್ತು. ನೆನಪು ಎಂದರೆ ಬೇರೆ ಯಾರದೋ ಕೇಸಿನ ಸಾಕ್ಷಿ ಹೇಳಿಕೆ ಓದಿದ ಹಾಗೆ, ಒಂದರ ಮೇಲೊಂದು.

ಹದಿನೆಂಟು ವರ್ಷದ ಹಿಂದೆ ಡೊಂಬಯ್ಯ ಗೌಡರ ಒಬ್ಬನೇ ಮಗ ಹರ್ಷಿತ್‌ಗೆ ಆನೆ ಹೊಡೆದಿತ್ತು. ಅವನೂ ನೀರಿಗೇ ಹೋದದ್ದು. ಆ ಕಡೆಯ ಮನೆಗಳಿಗೆ ಬಾವಿ ಇಲ್ಲ. ಕಾಡಿನ ಒರತೆಗೆ ಪೈಪಿನ ಬಾಯಿ ಇಟ್ಟರೆ ನೀರು ಇಳಿಜಾರಿನಲ್ಲಿ ತಾನೇ ಹರಿದು ಅಂಗಳಕ್ಕೆ ಬರುತ್ತದೆ. ಬಾಯಿಗೆ ತರಗೆಲೆ ತುಂಬಿದ ದಿನ ಯಾರಾದರೂ ಮೇಲೆ ಹತ್ತಿ ಕೈ ಹಾಕಿ ತೆಗೆಯಬೇಕು. ಅರಣ್ಯ ಇಲಾಖೆಯವರು, ಹುಡುಗ ಕಾಡಿನ ಒಳಗೆ ಸತ್ತದ್ದು, ತಪ್ಪು ಅವನದೇ ಎಂದು ಬರೆದುಕೊಂಡು ಹೋಗಿದ್ದರು. ಆಗ ಸರ್ವೋತ್ತಮ ಪುತ್ತೂರಿನಿಂದ ಬಂದು ಹುಡುಗನ ತಾಯಿ ದುಗ್ಗಮ್ಮನ ಎದುರು ಮೊಣಕಾಲೂರಿ ಕೂತು ಹೇಳಿದ್ದ: "ಒಂದು ಹಗಲು ಹರ್ಷಿತ್‌ನನ್ನು ನಮಗೆ ಕೊಡಿ ದುಗ್ಗಮ್ಮಕ್ಕ. ಸಚಿವರು ಬಾರದೆ ಅವನನ್ನು ಎತ್ತುದು ಬೇಡ."

ಆಗ ಅವನಿಗೆ ಗಂಟಲು ಕಟ್ಟಿತ್ತು. ಅದು ಸುಳ್ಳಲ್ಲ. ದುಗ್ಗಮ್ಮ ಗಂಡನ ಮುಖ ನೋಡಿದ್ದರು. ಡೊಂಬಯ್ಯ ಗೌಡರು ತಲೆ ಆಡಿಸಿದ್ದರು.

ಪೋಕರನ ಪಿಕಪ್ಪಿನಲ್ಲೇ ಹರ್ಷಿತ್‌ನನ್ನು ಜಂಕ್ಷನ್ನಿಗೆ ಇಳಿಸಿ, ರಸ್ತೆಯ ನಡುವೆ ಬೆಂಚಿನ ಮೇಲೆ ಮಲಗಿಸಿದರು. ಬಿಸಿಲು ಏರಿತು. ದುಗ್ಗಮ್ಮ ಮಗನ ಮುಖಕ್ಕೆ ಕೊಡೆ ಹಿಡಿದು ನಿಂತೇ ಇದ್ದರು. ಯಾರು ಕೇಳಿದರೂ ಕೊಡೆ ಬಿಟ್ಟುಕೊಡಲಿಲ್ಲ. ಟಿವಿಯವನೊಬ್ಬ, ಮೊದಲಿನದು ಸರಿ ಬರಲಿಲ್ಲ, ಇನ್ನೊಮ್ಮೆ ಅಳಬಹುದಾ ಅಮ್ಮ ಎಂದು ಕೇಳಿದ್ದ. ಸಂಜೆ ಸಚಿವರು ಬಂದರು. ಪರಿಹಾರ ಎಂದರು, ಆನೆ ದಾಟದ ಹಾಗೆ ಕಂದಕ ತೋಡಿಸುತ್ತೇವೆ ಎಂದರು. ಮರುದಿನದ ಪೇಪರಿನಲ್ಲಿ ಸಚಿವರ ಪಕ್ಕದಲ್ಲಿ ಸರ್ವೋತ್ತಮ, ಕೈ ಮುಂದೆ ಚಾಚಿ ಮಾತಾಡುತ್ತಿದ್ದ. ಫೋಟೋದ ಬಲ ಅಂಚಿನಲ್ಲಿ ಕಪ್ಪಗೆ ಒಂದು ತುಂಡು ಕಾಣುತ್ತಿತ್ತು. ಅದು ದುಗ್ಗಮ್ಮನ ಕೊಡೆ. ಆ ಫೋಟೋ ಈಗಲೂ ಆಫೀಸಿನ ಗೋಡೆಯಲ್ಲಿ ಇದೆ.

ಕಂದಕ ತೋಡುವ ಮೊದಲು ಜಂಟಿ ಸರ್ವೆ ಆಯಿತು. ಊರಿನವರ ಪರವಾಗಿ ಸರ್ವೋತ್ತಮನೇ ನಿಂತಿದ್ದ. ಇಲಾಖೆಯವರು ಎಳೆದ ಗೆರೆ ಒರತೆಯ ಕೆಳಗೆ ಬಂತು. ಡೊಂಬಯ್ಯ ಗೌಡರು ಹಿಂದಿನಿಂದ ಮೆಲ್ಲಗೆ, "ನೀರಿನ ಬಾಯಿ ಆಚೆ ಬೀಳ್ತದಲ್ಲ ವಕೀಲ್ರೆ?" ಎಂದಿದ್ದರು. ಗೆರೆಯನ್ನು ಮೇಲಕ್ಕೆ ಸರಿಸಬೇಕಾದರೆ ಫೈಲು ಬೆಂಗಳೂರಿಗೆ ಹೋಗಬೇಕು. ಅಷ್ಟರಲ್ಲಿ ಎಲೆಕ್ಷನ್ ಬಂದು ಹೋಗುತ್ತದೆ. "ಇದೊಂದು ಆಗಲಿ ಗೌಡ್ರೆ. ಅದನ್ನು ಮತ್ತೆ ನೋಡುವ," ಎಂದು ಸರ್ವೋತ್ತಮ ಸಹಿ ಹಾಕಿದ್ದ. ಒಳ್ಳೆಯ ರಾಜಿ ಎಂದು ಎಲ್ಲರೂ ಹೇಳಿದರು. ಡೊಂಬಯ್ಯ ಗೌಡರು ಕಂದಕಕ್ಕೆ ಅಡ್ಡ ಒಂದು ತೆಂಗಿನಮರದ ಕಾಂಡ ಹಾಕಿಕೊಂಡರು. ಮಗ ಹೋದಲ್ಲಿಗೇ, ಆ ಕಾಂಡದ ಮೇಲೆ ದಾಟಿ, ಇಷ್ಟು ವರ್ಷವೂ ಎಲೆ ತೆಗೆಯಲು ಹೋಗುತ್ತಿದ್ದರು. ಕಂದಕದ ಮಣ್ಣು ಮಳೆಗೆ ಕುಸಿದ ಕಡೆ ಆನೆಗಳೂ ದಾಟುತ್ತಿದ್ದವು.

ಎಲ್ಲಾದರೂ ಎದುರು ಸಿಕ್ಕಿದರೆ ದುಗ್ಗಮ್ಮ ಕೇಳುವುದು ಒಂದೇ. ಪರಿಹಾರದ ಮಾತಿಲ್ಲ, ದೂರಿಲ್ಲ. "ಕಂದಕದ ಈಚೆ ಒಂದು ಬೋರ್‌ವೆಲ್ ಆಗ್ತದಾ ವಕೀಲ್ರೆ? ಇವರಿಗೆ ಪ್ರಾಯ ಆಯ್ತು." ಸರ್ವೋತ್ತಮ ಅವರ ಕೈ ಹಿಡಿದುಕೊಂಡು, "ನೋಡುವ ದುಗ್ಗಮ್ಮಕ್ಕ," ಎನ್ನುತ್ತಿದ್ದ.

ಇನ್ನೂ ಒಂದು ಇತ್ತು, ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಶ್ರಾವಣದ ಹೊತ್ತಿಗೆ ಬರುವ ಸೋಣ ತಿಂಗಳಿನಲ್ಲಿ ಊರಿನ ಭಜನಾ ಮಂದಿರದಲ್ಲಿ ಪುರಾಣ ಓದಿಸುವ ಕ್ರಮ ಇತ್ತು. ಓದುವವರು ಡೊಂಬಯ್ಯ ಗೌಡರು, ಅರ್ಥ ಹೇಳುವವರು ಶಾಲೆಯ ಮಾಸ್ತರು. ಚಡ್ಡಿ ಹಾಕುವ ಪ್ರಾಯದ ಸರ್ವೋತ್ತಮ ಕಂಬಕ್ಕೆ ಒರಗಿ ಕೇಳುತ್ತಿದ್ದ. ಅರ್ಥ ಅವನಿಗೆ ಬೇಕಾಗಿರಲಿಲ್ಲ. ಗೌಡರು ಪದ್ಯದ ಕೊನೆಯ ಪಾದಕ್ಕೆ ಬರುವ ಮೊದಲು ಒಮ್ಮೆ ನಿಲ್ಲುತ್ತಿದ್ದರು. ಉಸಿರಿಗಾಗಿ ನಿಂತದ್ದಲ್ಲ. ದೀಪದ ಕುಡಿ ಗಾಳಿಗೆ ಬಾಗಿ ಮತ್ತೆ ನೆಟ್ಟಗಾಗುವಷ್ಟು ಹೊತ್ತು. ಮಂದಿರದಲ್ಲಿ ಕೂತವರೆಲ್ಲ ಅವರೊಟ್ಟಿಗೆ ನಿಲ್ಲುತ್ತಿದ್ದರು. ಆಮೇಲೆ ಆ ಪಾದ ಮೆಲ್ಲಗೆ ಇಳಿಯುತ್ತಿತ್ತು, ಮೈಯ ಮೇಲೆ ಯಾರೋ ಹೊದಿಸಿದ ಹಾಗೆ. ಸರ್ವೋತ್ತಮ ಕೋರ್ಟಿಗೆ ಕೊಂಡುಹೋದದ್ದು ಆ ನಿಲುಗಡೆಯನ್ನು. ವೇದಿಕೆಗೆ ಕೊಂಡುಹೋದದ್ದೂ ಅದನ್ನೇ. ಇವತ್ತು ಬೆಟ್ಟಂಪಾಡಿಯಲ್ಲಿ ಹೆಂಗಸರು ಕಣ್ಣೊತ್ತಿಕೊಂಡದ್ದು ಆ ನಿಲುಗಡೆಗೇ. ಹರ್ಷಿತ್ ರಸ್ತೆಯಲ್ಲಿ ಮಲಗಿದ್ದ ದಿನ, ಹೊತ್ತು ಹೋಗಲಿ ಎಂದು ಯಾರೋ, "ಗೌಡ್ರೆ, ಒಂದು ಪದ್ಯ ಹೇಳಿ," ಎಂದಿದ್ದರು. ಗೌಡರು ಬಾಯಿ ತೆರೆದರು. ಮತ್ತೆ ಮುಚ್ಚಿದರು. ಅಲ್ಲಿಂದ ಮುಂದೆ ಯಾವ ಸೋಣದಲ್ಲೂ ಅವರು ಮಂದಿರದಲ್ಲಿ ಓದಲಿಲ್ಲ.

ಐವರ್ನಾಡಿನಲ್ಲಿ ರಸ್ತೆ ಬದಿಗೆ ಶಾಮಿಯಾನ ಕಂಡಿತು. ತೀರಿಹೋದ ಹೆಂಗಸು ಫ್ಲೆಕ್ಸಿನಲ್ಲಿ ನಗುತ್ತಿದ್ದರು. ಗೇಟಿನಲ್ಲಿದ್ದ ಇಬ್ಬರು ಅವನ ಕಾರು ಕಂಡು ಮುಂದೆ ಬಂದರು. ಸರ್ವೋತ್ತಮ ಗಾಜು ಇಳಿಸಿ, ಗುತ್ತಿಗಾರಿನಲ್ಲಿ ಹೀಗೆ ಆಗಿದೆ ಎಂದು ಹೇಳಿ ಕೈ ಮುಗಿದ. "ಛೆ, ಹೋಗಿ ಹೋಗಿ ಸರ್, ಅದು ಮುಖ್ಯ," ಎಂದರು ಅವರು. ಗಾಜು ಏರಿಸುವಾಗ ಒಬ್ಬ ಇನ್ನೊಬ್ಬನಿಗೆ, "ಊಟಕ್ಕೆ ಒಂದು ಎಲೆ ಉಳಿಯಿತು," ಎನ್ನುವುದು ಕೇಳಿಸಿತು.

ಸೋಣಂಗೇರಿಯ ಹತ್ತಿರ ದೀಪ್ತಿ ಫೋನು ಮಾಡಿದಳು. ಸುದ್ದಿ ಅವಳಿಗೂ ಮುಟ್ಟಿತ್ತು.

"ನೀವು ಅಲ್ಲಿ ಎಂತ ಮಾತಾಡ್ತೀರಿ?"

"ಇನ್ನೂ ಯೋಚನೆ ಮಾಡ್ಲಿಲ್ಲ."

"ಮಾತಾಡದೇ ಇದ್ರೆ ಆಗುದಿಲ್ವಾ? ಸುಮ್ಮನೆ ಹೋಗಿ ಕೂತು ಬನ್ನಿ. ಡೊಂಬಯ್ಯಣ್ಣ ನಮ್ಮ ಮದುವೆಗೆ ಬಂದು ಪದ್ಯ ಹೇಳಿದವರು."

"ನೋಡುವ."

ದೀಪ್ತಿ ಫೋನು ಇಡಲಿಲ್ಲ. ಎಲಿಮಲೆಯ ಏರಿನಲ್ಲಿ ನೆಟ್‌ವರ್ಕ್ ಹೋಯಿತು.

ಗುತ್ತಿಗಾರು ಜಂಕ್ಷನ್ನಿನಲ್ಲಿ ಅಂಗಡಿಗಳ ಅರ್ಧ ಬಾಗಿಲು ಎಳೆದಿತ್ತು. ಪಕ್ಷದ ಹುಡುಗರು ರಸ್ತೆಗೆ ಟಯರು ತಂದು ರಾಶಿ ಹಾಕಿದ್ದರು. ಶಾಮಿಯಾನದ ಕೆಳಗೆ ಒಂದು ಬೆಂಚು, ಬೆಂಚಿನ ಮೇಲೆ ಬಿಳಿ ಬಟ್ಟೆ. ಬೆಂಚಿನ ಹಿಂದೆ ಒಂದು ಫ್ಲೆಕ್ಸು, ಅಷ್ಟು ಬೇಗ ಹೇಗೆ ಪ್ರಿಂಟಾಯಿತೋ, ಡೊಂಬಯ್ಯ ಗೌಡರ ಮುಖ ಸಣ್ಣದಾಗಿ, ಸರ್ವೋತ್ತಮನ ಮುಖ ಸ್ವಲ್ಪ ದೊಡ್ಡದಾಗಿ. ಟಿವಿಯ ಎರಡು ಗಾಡಿ ಆಗಲೇ ಬಂದಿದ್ದವು. ಹುಡುಗರು ಕಾರಿನ ಸುತ್ತ ನಿಂತರು.

"ಅಣ್ಣ, ಆಂಬುಲೆನ್ಸನ್ನು ಇಲ್ಲೇ ನಿಲ್ಲಿಸಿದ್ದೆವು. ಪೋಕರಣ್ಣ ಬಿಡ್ಲಿಲ್ಲ, ಮೊದಲು ಮನೆಗೆ ಅಂತ ಕೊಂಡುಹೋದ್ರು. ನೀವು ಹೋಗಿ ಕೆಳಗೆ ತನ್ನಿ. ಐದು ಗಂಟೆಗೆ ಸಚಿವರು ಅಲ್ಲಿಂದ ಬಿಡ್ತಾರಂತೆ."

ಮನೆಯ ಕೆಳಗಿನ ಮಣ್ಣುರಸ್ತೆಯಲ್ಲಿ ಪೋಕರನ ಪಿಕಪ್ಪು ನಿಂತಿತ್ತು. ಹಿಂದೆ ಅಡಿಕೆ ಗೋಣಿಗಳ ಜಾಗದಲ್ಲಿ ನೀರಿನ ಕ್ಯಾನುಗಳು. ಪೋಕರ್ ಪಂಚೆಯನ್ನು ಎತ್ತಿ ಕಟ್ಟಿ ಒಂದೊಂದನ್ನೇ ಇಳಿಸುತ್ತಿದ್ದ. ಬೆವರಿ ಬನಿಯನು ಮೈಗೆ ಅಂಟಿತ್ತು.

"ಇದೆಂತ?" ಎಂದ ಸರ್ವೋತ್ತಮ.

"ನೀರು. ಮನೆಯಲ್ಲಿ ಒಂದು ಚೊಂಬು ನೀರಿಲ್ಲ. ಪೈಪು ಕಟ್ಟಿದೆಯಲ್ಲ. ಎಲೆ ತೆಗೆಯಲಿಕ್ಕೆ ಹೋದವರು ತೆಗೀಲಿಕ್ಕೆ ಮೊದಲೇ ಹೋದ್ರು." ಪೋಕರ್ ಒಂದು ಕ್ಯಾನನ್ನು ಹೆಗಲಿಗೇರಿಸಿದ. "ಹೆಣ ಮೀಯಿಸ್ಲಿಕ್ಕೆ ಜಂಕ್ಷನ್ನಿನಿಂದ ನೀರು. ಬನ್ನಿ, ಒಂದು ನೀವೂ ಹಿಡೀರಿ. ಫೋಟೋ ತೆಗೀಲಿಕ್ಕೆ ಯಾರೂ ಇಲ್ಲ, ಧೈರ್ಯದಲ್ಲಿ ಹಿಡೀರಿ."

ಸರ್ವೋತ್ತಮ ಒಂದು ಕ್ಯಾನು ಎತ್ತಿಕೊಂಡ. ಭಾರ ಕೈಗೆ ಗೊತ್ತಾಯಿತು. ಅಷ್ಟಾದರೂ ಗೊತ್ತಾಯಿತಲ್ಲ ಎನಿಸಿತು. ಏರು ಹತ್ತುವಾಗ ಪೋಕರ್ ಹಿಂದೆ ತಿರುಗದೆ ಕೇಳಿದ, "ಕೆಳಗೆ ಬೆಂಚು ನೋಡಿದೆ. ಡೊಂಬಯ್ಯಣ್ಣನನ್ನು ಕೊಡಿ ಅಂತ ಕೇಳ್ಲಿಕ್ಕೆ ಬಂದದ್ದಾ?"

"ಊರಿಗೇ ಒಳ್ಳೇದಾಗ್ತದೆ ಪೋಕರ್. ಈ ಸಲ ಬೋರ್‌ವೆಲ್ಲು ಬರವಣಿಗೆಯಲ್ಲೇ ತೆಕ್ಕೊಳ್ಳುವ."

"ಹೌದು. ಬೋರ್‌ವೆಲ್ಲು." ಪೋಕರ್ ಉಸಿರು ತೆಗೆದುಕೊಳ್ಳಲು ನಿಂತ. "ಆ ದಿನ ಬೆಂಚಿನಿಂದ ಎತ್ತುವಾಗ ಹರ್ಷಿತ್‌ನ ಕಾಲು ಹಿಡಿದದ್ದು ನಾನು ವಕೀಲ್ರೆ. ಇವತ್ತು ಆ ಕೆಲಸಕ್ಕೆ ನನ್ನ ಗಾಡಿ ಸಿಗುದಿಲ್ಲ, ಅಷ್ಟು ಮೊದಲೇ ಹೇಳ್ತೇನೆ. ಬೇರೆ ಗಾಡಿ ನೋಡಿ."

ಅಂಗಳದಲ್ಲಿ ತೆಂಗಿನ ಹಸಿ ಮಡಲಿನ ಮೇಲೆ ಡೊಂಬಯ್ಯ ಗೌಡರನ್ನು ಮಲಗಿಸಿದ್ದರು. ತಲೆಯ ಹತ್ತಿರ ಒಡೆದ ತೆಂಗಿನಕಾಯಿಯ ಎರಡು ಹೋಳಿನಲ್ಲಿ ದೀಪ. ಆಸ್ಪತ್ರೆಯವರು ಸುತ್ತಿದ ಬಟ್ಟೆ ಗಲ್ಲದವರೆಗೆ ಇತ್ತು. ಮುಖಕ್ಕೆ ಏನೂ ಆಗಿರಲಿಲ್ಲ. ನೆರೆಮನೆಯವರು ಹತ್ತಿಪ್ಪತ್ತು ಜನ ಬದಿಗೆ ನಿಂತಿದ್ದರು. ರಬ್ಬರ್ ಶೀಟು ಒಣಗಿಸುವ ತಂತಿಯ ಆಚೆ ಇಬ್ಬರು ಫಾರೆಸ್ಟಿನವರು ಆನೆ ಓಡಿಸುವ ಪಟಾಕಿಯ ಚೀಲ ಹಿಡಿದುಕೊಂಡು, ಯಾರ ಮುಖವನ್ನೂ ನೋಡದೆ ನಿಂತಿದ್ದರು. ನಲ್ಲಿಯ ಕೆಳಗೆ ಯಾರೋ ಬೆಳಿಗ್ಗೆ ಇಟ್ಟ ಕೊಡಪಾನ ಖಾಲಿ ಇತ್ತು.

ಸರ್ವೋತ್ತಮ ಕ್ಯಾನು ಕೆಳಗಿಟ್ಟು ಕಾಲಿನ ಬದಿಗೆ ನಿಂತ. ಗೌಡರ ಬಾಯಿ ಸ್ವಲ್ಪ ತೆರೆದಿತ್ತು. ಕೊನೆಯ ಪಾದಕ್ಕೆ ಮೊದಲು ನಿಲ್ಲುತ್ತಿದ್ದಾಗ ಅವರ ಬಾಯಿ ಹಾಗೆಯೇ ಇರುತ್ತಿತ್ತು. ಸರ್ವೋತ್ತಮ ಕಾದ, ಕುಂಬ್ರದಲ್ಲಿ ಕಾದ ಹಾಗೆಯೇ. ಯಾವ ಪಾದವೂ ಇಳಿಯಲಿಲ್ಲ.

ದುಗ್ಗಮ್ಮ ಗಂಡನ ತಲೆಯ ಬದಿಯಲ್ಲಿ ಕಾಲು ಮಡಚಿ ಕೂತಿದ್ದರು. ಅತ್ತ ಗುರುತು ಮುಖದಲ್ಲಿ ಕಾಣುತ್ತಿರಲಿಲ್ಲ. ಅವನನ್ನು ನೋಡಿ ಕೂತಲ್ಲೇ ಸ್ವಲ್ಪ ಸರಿದು ಜಾಗ ಕೊಟ್ಟರು. ಮನೆಯಲ್ಲಿ ಆಡುವ ಅರೆಭಾಷೆಯನ್ನು ಬಿಟ್ಟು, ಅವನೊಡನೆ ಯಾವಾಗಲೂ ಆಡುವ ಪುತ್ತೂರಿನ ಕನ್ನಡದಲ್ಲಿ ಮಾತಾಡಿದರು.

"ಬಂದಿರಾ ವಕೀಲ್ರೆ."

"ಬಂದೆ ದುಗ್ಗಮ್ಮಕ್ಕ."

"ನಿಮ್ಮಿಂದ ಒಂದು ಆಗಬೇಕಿತ್ತು."

"ಹೇಳಿ."

"ಇವರನ್ನು ಮನೆಯ ನೀರಿನಲ್ಲೇ ಮೀಯಿಸಬೇಕು ಅಂತ ನನಗೆ. ಇಷ್ಟು ವರ್ಷ ಆ ನೀರು ತಂದದ್ದು ಇವರೇ ಅಲ್ವಾ. ಯಾರಾದರೂ ಮೇಲೆ ಹೋಗಿ ಆ ಎಲೆಯೊಂದು ತೆಗೆದ್ರೆ ಆಯ್ತು, ಗಳಿಗೆಯಲ್ಲಿ ನೀರು ಬರ್ತದೆ. ನಮ್ಮ ಜನ ಹೋಗ್ಲಿಕ್ಕೆ ತಯಾರುಂಟು. ಫಾರೆಸ್ಟಿನವರು ಕಂದಕ ದಾಟಬಾರದು ಅಂತಾರೆ. ನೀವು ಒಂದು ಮಾತು ಹೇಳಿದ್ರೆ ಅವರೇ ಪಟಾಕಿ ಹೊಡೆದು ಒಟ್ಟಿಗೆ ಹೋಗ್ತಾರೆ."

ಎಲ್ಲರೂ ಅವನ ಕಡೆ ನೋಡಿದರು. ತಂತಿಯ ಆಚೆ ಫಾರೆಸ್ಟಿನವರೂ ತಲೆ ಎತ್ತಿದರು. ಹೇಳಲಿ ಎಂದೇ ಕಾಯುತ್ತಿದ್ದ ಹಾಗಿತ್ತು. ಹತ್ತು ಹೆಜ್ಜೆ ಹೋಗಿ ಒಂದು ಮಾತು ಹೇಳುವ ಕೆಲಸ. ಸರ್ವೋತ್ತಮ ಬಾಯಿ ತೆರೆದ.

"ನೋಡುವ ದುಗ್ಗಮ್ಮಕ್ಕ," ಎಂದ.

ಅದನ್ನು ಅವನು ಯೋಚಿಸಿ ಹೇಳಿದ್ದಲ್ಲ. ರಿಕ್ಷಾದವನಿಗೆ ಕೈ ಎದ್ದ ಹಾಗೆ ಬಂತು. ಬಂದ ಮೇಲೆ ಹಿಂದೆ ತೆಗೆದುಕೊಳ್ಳಲು ಅವನಿಗೆ ಹೊತ್ತು ಇತ್ತು. ಒಂದು ನಿಲುಗಡೆಯಷ್ಟು ಹೊತ್ತು ಇತ್ತು. ಆ ಹೊತ್ತಿನಲ್ಲಿ ಅವನು ಜಗಲಿಯ ಗೋಡೆಯ ಗಡಿಯಾರ ನೋಡಿದ. ನಾಲ್ಕು ದಾಟಿತ್ತು.

ದುಗ್ಗಮ್ಮ ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಸಿಟ್ಟು ಇರಲಿಲ್ಲ. ಅಂಗಡಿಯಲ್ಲಿ ಸಾಮಾನು ಇಲ್ಲ ಎಂದು ಗೊತ್ತಾದ ಮೇಲೆ ನೋಡುವ ಹಾಗೆ ನೋಡಿ, ಪೋಕರನ ಕಡೆ ತಿರುಗಿದರು. "ಆ ಕ್ಯಾನು ಇಲ್ಲಿ ತಾ ಪೋಕರ್," ಎಂದರು.

ಪೋಕರ್ ಕ್ಯಾನಿನ ಮುಚ್ಚಳ ತೆಗೆದು ಹಂಡೆಗೆ ಸುರಿದ. ಪ್ಲಾಸ್ಟಿಕ್ಕಿನ ಬಾಯಿಯಿಂದ ನೀರು ಗಂಟಲು ಕಟ್ಟಿದ ಹಾಗೆ ಬಿಟ್ಟು ಬಿಟ್ಟು ಬೀಳುತ್ತಿತ್ತು. ಹೆಂಗಸರು ಒಳಗಿಂದ ಅರಶಿನ, ಎಣ್ಣೆ, ಹೊಸ ಪಂಚೆ ತಂದರು. ದುಗ್ಗಮ್ಮ ತಾನೇ ಚೊಂಬಿನಲ್ಲಿ ನೀರು ತೆಗೆದು, ಅದಕ್ಕೆ ತುಳಸಿಯ ಎಲೆ ಹಾಕಿ, ಬೆರಳ ತುದಿಯಿಂದ ಗಂಡನ ಬಾಯಿಗೆ ಎರಡು ಹನಿ ಬಿಟ್ಟರು. ಆಮೇಲೆ ಚೊಂಬನ್ನು ಸರ್ವೋತ್ತಮನಿಗೆ ಕೊಟ್ಟರು. ಅವನೂ ಬಿಟ್ಟ. ನೀರು ತುಟಿಯ ಬದಿಯಿಂದ ಇಳಿದು ಮಡಲಿಗೆ ಹೋಯಿತು.

ಕಿಸೆಯಲ್ಲಿ ಫೋನು ನಡುಗುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ನಡುಗುತ್ತಿತ್ತು. ಅವನು ಚೊಂಬು ಕೆಳಗಿಟ್ಟು ಮೊಣಕಾಲೂರಿ ಕೂತ. ಹಿಂದೆ ಕೂತದ್ದೂ ಇದೇ ಅಂಗಳದಲ್ಲಿ. ಗಂಟಲು ಕಟ್ಟಬಹುದೇನೋ ಎಂದು ನೋಡಿದ, ಕಟ್ಟಲಿಲ್ಲ. ದನಿ ಮಾತ್ರ, ಅದಕ್ಕೆ ಗೊತ್ತಿದ್ದ ಹಾಗೆ, ತಗ್ಗಿ ನಡುಗಿ ಬಂತು.

"ದುಗ್ಗಮ್ಮಕ್ಕ, ಸಚಿವರು ಇನ್ನೊಂದು ಗಂಟೆಯಲ್ಲಿ ಜಂಕ್ಷನ್ನಿನಲ್ಲಿ ಹೋಗ್ತಾರೆ. ಜನ ಸೇರಿದ್ದಾರೆ, ಟಿವಿಯವರು ಬಂದಿದ್ದಾರೆ. ಈ ಸಲ ಬಾಯಿಮಾತು ಬೇಡ, ಬರವಣಿಗೆಯಲ್ಲೇ ತೆಕ್ಕೊಳ್ಳುವ. ಬೋರ್‌ವೆಲ್ಲು, ಕಂದಕ ಮೇಲೆ ಸರಿಸುದು, ಎಲ್ಲ. ಅದಕ್ಕೆ..." ಅವನು ನಿಂತ. ದೀಪದ ಕುಡಿ ಬಾಗಿ ನೆಟ್ಟಗಾಗುವಷ್ಟು ಹೊತ್ತು ನಿಂತ. ಅಂಗಳದಲ್ಲಿ ಯಾರೂ ಅವನೊಟ್ಟಿಗೆ ನಿಲ್ಲಲಿಲ್ಲ. ಪೋಕರ್ ಎರಡನೆಯ ಕ್ಯಾನನ್ನು ಹಂಡೆಗೆ ಸುರಿಯುತ್ತಿದ್ದ, ಹೆಂಗಸೊಬ್ಬಳು ಅರಶಿನ ಕಲಸುತ್ತಿದ್ದಳು. "ಅದಕ್ಕೆ ಡೊಂಬಯ್ಯಣ್ಣನನ್ನು ಒಂದು ಗಂಟೆ ಕೆಳಗೆ ಕೊಂಡುಹೋಗ್ಲಿಕ್ಕೆ ನೀವು ಒಪ್ಪಬೇಕು. ಕತ್ತಲಾಗುವ ಮೊದಲು ನಾನೇ ತಂದು ಕೊಡ್ತೇನೆ."

ದುಗ್ಗಮ್ಮ ಗಂಡನ ಹಣೆಗೆ ಎಣ್ಣೆ ಹಚ್ಚುತ್ತಿದ್ದರು. ಬೆರಳು ಹಣೆಯಿಂದ ಕೂದಲಿಗೆ ಹೋಯಿತು, ಕೂದಲಿನಿಂದ ಕಿವಿಗೆ ಬಂತು. ಕಿವಿಯ ಹಿಂದೆ ಒಂದು ಒಣ ಎಲೆಯ ಚೂರು ಸಿಕ್ಕಿಕೊಂಡಿತ್ತು. ಅದನ್ನು ಉಗುರಿನಿಂದ ಬಿಡಿಸಿ ಬದಿಗಿಟ್ಟರು.

"ಹರ್ಷಿತ್‌ನನ್ನು ಕೇಳಿದಿರಿ," ಎಂದರು, ಕೈ ನಿಲ್ಲಿಸದೆ. "ಕೊಟ್ಟೆ."

"ಹೌದು ದುಗ್ಗಮ್ಮಕ್ಕ, ಅದಕ್ಕೇ ನಾನು..."

"ಇವರನ್ನು ಕೊಡುದಿಲ್ಲ."

"ಒಂದು ಗಂಟೆ ಮಾತ್ರ ನಾನು ಕೇಳುದು."

"ಇಲ್ಲ," ಎಂದರು ದುಗ್ಗಮ್ಮ.